ಮೂವತ್ತೈದು ಸಾವಿರ ಅಡಿಯಲ್ಲಿ ಹಿತಕಿದ ಬೇಳೆ

ಹೊರಗೆ ಕಳಿಸುವ ಕೆಲಸ ಕೋಲಾರ ಜಿಲ್ಲೆಗೆ ಹೊಸದಲ್ಲ. ನೂರಿಪ್ಪತ್ತು ವರ್ಷ ನೆಲ ಬಗೆದು ಚಿನ್ನ ಕಳಿಸಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಿದ್ದಿತ್ತು. ಹಾಲು, ರೇಷ್ಮೆ, ಟೊಮೆಟೊ, ಮಾವು, ಮಾಲೂರಿನ ಇಟ್ಟಿಗೆ ಇವತ್ತಿಗೂ ಹೋಗುತ್ತಲೇ ಇವೆ. ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರದ್ದು ಬೇರೆಯದೇ ಲೆಕ್ಕ. ಅವರು ಸಂಜೆಯ ರೈಲಿಗೆ ವಾಪಸ್ ಬರುತ್ತಾರೆ. ಅಮೆರಿಕ ಸೇರಿದ ನನ್ನಂಥವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇವೆ.

ಇಳಿದವರು ಹಿಂದಿರುಗುವಾಗ ಏನನ್ನು ಒಯ್ಯಬಹುದು ಎಂಬುದಕ್ಕೆ ಕಟ್ಟುಪಾಡು ಬಹಳ. ಶ್ರೀನಿವಾಸಪುರದ ಮಾವನ್ನೇ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಊರಿಗೆ ಹೋದರೆ ಮಂಡಿಗಳ ರಸ್ತೆಯುದ್ದಕ್ಕೂ ಹಣ್ಣಿನ ವಾಸನೆ. ಆದರೆ ಒಂದೇ ಒಂದು ಬಾದಾಮಿಯನ್ನೂ ಕೈಚೀಲದಲ್ಲಿಟ್ಟು ಅಮೆರಿಕಕ್ಕೆ ಒಯ್ಯುವಂತಿಲ್ಲ. ಕೀಟಗಳ ಭಯದಿಂದ ಅಲ್ಲಿಯವರು ಬಹುಕಾಲ ಭಾರತದ ಮಾವಿಗೆ ಬಾಗಿಲು ಮುಚ್ಚಿದ್ದರು. 2007ರಲ್ಲಿ ತೆರೆದರು, ವಿಕಿರಣಕ್ಕೆ ಒಡ್ಡಿದ ಹಣ್ಣು ಮಾತ್ರ ಬರಬಹುದೆಂಬ ಷರತ್ತಿನ ಮೇಲೆ. ಅಂಥದೊಂದು ವಿಕಿರಣ ಘಟಕ ನಮ್ಮ ಜಿಲ್ಲೆಯ ಮಾಲೂರಿನಲ್ಲೇ ಇದೆ. ಮಾವಿಗೆ ಇಷ್ಟೆಲ್ಲ ಶಾಸ್ತ್ರ. ಮಾವಿನ ತೋಪಿನ ವಿಡಿಯೊಗೆ ಮಾತ್ರ ಸುಂಕವಿಲ್ಲ, ತಪಾಸಣೆಯಿಲ್ಲ, ತೂಕವಿಲ್ಲ. ಹಾಗಾಗಿ ಊರಿನಿಂದ ಹೊರಡುವ ಎಲ್ಲರ ಫೋನೂ ಭರ್ತಿಯಾಗಿರುತ್ತದೆ.

ಭರ್ತಿಯಾದದ್ದನ್ನು ನೋಡುವುದು ಯಾವಾಗ? ನಾನು ಕಂಡಂತೆ, ಬಹುಪಾಲು ಜನ ಅದನ್ನು ಮೊದಲ ಸಲ ಪೂರ್ತಿ ನೋಡುವುದು ವಿಮಾನದಲ್ಲಿ. ಎದುರು ಸೀಟಿನ ಬೆನ್ನಿನ ಪರದೆಯಲ್ಲಿ ನೂರಾರು ಸಿನಿಮಾ ಕಾದಿದ್ದರೂ ಊಟದ ತಟ್ಟೆ ಎತ್ತಿ ದೀಪ ಆರಿಸಿದ ಮೇಲೆ ಸಾಲುಸಾಲಾಗಿ ಫೋನ್‌ಗಳು ಬೆಳಗುತ್ತವೆ. ಒಬ್ಬರದು ಸೀಮಂತ, ಇನ್ನೊಬ್ಬರದು ಗೃಹಪ್ರವೇಶ, ಮತ್ತೊಬ್ಬರದು ಆಸ್ಪತ್ರೆಯ ಮಂಚದ ಮೇಲೆ ಕುಳಿತ ತಂದೆ. ಅಲ್ಲೇ ಯಾಕೆ ನೋಡುತ್ತೇವೆ ಎಂಬ ಪ್ರಶ್ನೆ ಈ ಸಲದ ಪ್ರಯಾಣದುದ್ದಕ್ಕೂ ನನ್ನ ಜೊತೆಗಿತ್ತು.

ಹೊರಡುವ ಮೊದಲೇ ಒಂದು ನಿಯಮ ಹಾಕಿಕೊಂಡಿದ್ದೆ. ಫೋಟೊ ಕಡಿಮೆ, ವಿಡಿಯೊ ಉದ್ದ. ಫೋನನ್ನು ಎಲ್ಲಾದರೂ ಒರಗಿಸಿಟ್ಟು ಸುಮ್ಮನಿರುವುದು, ನಡುವೆ ಬಾಯಿ ಹಾಕಿ ವಿವರಣೆ ಕೊಡದಿರುವುದು.

ಸುತ್ತಾಟ ಮಾಲೂರಿನ ದೊಡ್ಡಮ್ಮನ ಮನೆಯಿಂದ ಶುರುವಾಯಿತು. ತಾರಸಿ ಮನೆಗಳು ಬಂದ ಮೇಲೆ ಮಾಲೂರು ಹೆಂಚು ಕೇಳುವವರು ಕಡಿಮೆ, ಇಟ್ಟಿಗೆ ಗೂಡುಗಳದ್ದೇ ಭರಾಟೆ. ಒಂದು ಗೂಡಿನೆದುರು ಫೋನ್ ಇಟ್ಟೆ. ಕೆಳಗೆ ನಿಂತ ಹೆಂಗಸು ಎರಡೆರಡು ಇಟ್ಟಿಗೆ ಜೋಡಿಸಿ ಮೇಲಕ್ಕೆ ಎಸೆಯುತ್ತಾಳೆ, ಲಾರಿಯ ಮೇಲಿದ್ದವನು ನೋಡದೆಯೇ ಹಿಡಿಯುತ್ತಾನೆ. ಗಾಳಿಯಲ್ಲಿದ್ದಷ್ಟು ಹೊತ್ತೂ ಎರಡು ಇಟ್ಟಿಗೆ ಒಂದನ್ನೊಂದು ಬಿಡುವುದಿಲ್ಲ. ಇಬ್ಬರೂ ಮಾತಾಡುತ್ತಿರುವುದು ಯಾರದೋ ಮನೆಯ ಚೀಟಿ ದುಡ್ಡಿನ ವಿಷಯ. ಮಾಸ್ತಿ ಗ್ರಾಮವೂ ಇದೇ ತಾಲ್ಲೂಕಿನದು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಎಷ್ಟೋ ಕಥೆಗಳಲ್ಲಿ ಹೇಳುವವನು ಜಾಣ್ಮೆ ತೋರಿಸಲು ಹೋಗದೆ, ಕೇಳಿದ್ದನ್ನು ಕೇಳಿದ ಹಾಗೆ ಮುಂದಿಡುತ್ತಾನೆ. ವಿಡಿಯೊ ಮಾಡುವವರಿಗೂ ಅದು ಒಳ್ಳೆಯ ಪಾಠ.

ಅಲ್ಲಿಂದ ಹೆದ್ದಾರಿ ಹಿಡಿಯಲು ನರಸಾಪುರದ ಕಡೆ ಬಂದೆವು. ಹೋಂಡಾ ಸ್ಕೂಟರ್ ಕಾರ್ಖಾನೆ ಇರುವುದು ಇಲ್ಲೇ, ಐಫೋನ್ ಜೋಡಿಸುವ ಕಾರ್ಖಾನೆಯೂ ಇಲ್ಲೇ. ವಿಸ್ಟ್ರಾನ್ ಕಟ್ಟಿದ ಅದನ್ನು 2023ರಲ್ಲಿ ಟಾಟಾ ಕೊಂಡಿತು. ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳಿಂದ ಗುಂಪುಗುಂಪಾಗಿ ಇಳಿಯುವವರಲ್ಲಿ ಇಪ್ಪತ್ತು ದಾಟಿದ ಹುಡುಗಿಯರೇ ಹೆಚ್ಚು. ಅಣ್ಣನ ಮಗಳೂ ಅವರಲ್ಲೊಬ್ಬಳು. ನನ್ನ ಫೋನನ್ನು ತಿರುಗಿಸಿ ನೋಡಿ, “ಇದು ನಮ್ ಕೈ ದಾಟಿ ಬಂದಿರ್ಬೋದು ಅತ್ತೆ, ಚೆನ್ನಾಗಿ ನೋಡ್ಕೊಳಿ” ಅಂದಳು. ಊರನ್ನು ಹಿಡಿದಿಟ್ಟುಕೊಳ್ಳುವ ಯಂತ್ರವೂ ಊರಿನಲ್ಲೇ ತಯಾರಾಗಿ ಹೊರಗೆ ಹೋಗುವ ಕಾಲ ಬಂದಿದೆ.

ಅದೇ ನರಸಾಪುರದ ಕೆರೆಯ ಎರಡು ವಿಡಿಯೊ ನನ್ನಲ್ಲಿವೆ. ಹಳೆಯದರಲ್ಲಿ ಕೆರೆಯಂಗಳ ಒಣಗಿ, ಹುಡುಗರು ಜಾಲಿ ಗಿಡಗಳ ನಡುವೆ ಕ್ರಿಕೆಟ್ ಆಡುತ್ತಿದ್ದಾರೆ. ಹೊಸದರಲ್ಲಿ ಅದೇ ಏರಿಯ ಮೇಲಿಂದ ನೋಡಿದರೆ ತೂಬಿನವರೆಗೂ ನೀರು. ನಡುವೆ ನಡೆದದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಅದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬ ಹೋರಾಟ ಅಂದಿನಿಂದಲೂ ಇದೆ. ಇಷ್ಟು ಕಳಿಸಿದ ಜಿಲ್ಲೆಗೆ ರಾಜಧಾನಿ ವಾಪಸ್ ಕಳಿಸಿದ್ದು ಇದನ್ನು. ಹಾಗಿದ್ದೂ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತ ಅದನ್ನು ಬೇಡ ಅನ್ನುತ್ತಿಲ್ಲ.

ಕೋಲಾರದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಫೋನ್ ಹಿಡಿದೆ. ನೀರಿನ ಸದ್ದಿಗಿಂತ ಕೋತಿಗಳ ಗದ್ದಲವೇ ಹೆಚ್ಚು ದಾಖಲಾಯಿತು. ಮರುದಿನ ಬೆಳಿಗ್ಗೆ ಎಪಿಎಂಸಿ. ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಹದಿನೈದು ಕಿಲೋ ತುಂಬಿದ ಬಾಕ್ಸ್‌ಗಳು ಆಳೆತ್ತರ ಪೇರಿಸಿವೆ. ಹರಾಜು ಕೂಗುವವನ ಬಾಯಲ್ಲಿ ಕನ್ನಡ ಅಂಕಿ ಹೋಗಿ ತೆಲುಗು ಅಂಕಿ ಯಾವಾಗ ಬಂತೆಂದು ಹೇಳುವುದು ಕಷ್ಟ. 2023ರ ಜುಲೈನಲ್ಲಿ ಇಲ್ಲಿ ಬಾಕ್ಸ್ ಒಂದಕ್ಕೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷ ಬೆಲೆ ಬಿದ್ದು ರಸ್ತೆ ಪಕ್ಕ ಸುರಿದು ಹೋದದ್ದೂ ಉಂಟು. ಎರಡನ್ನೂ ಕಂಡ ಕೂಗುವವನ ದನಿಯಲ್ಲಿ ಏರಿಳಿತವೇ ಇಲ್ಲ.

ಮುಳಬಾಗಿಲಿನಲ್ಲಿ ಆಂಜನೇಯನಿಗೆ ಕೈಮುಗಿದು ದೋಸೆಗೆ ಕುಳಿತೆವು. 1887ರಲ್ಲಿ ಈ ಊರಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಬೆಂಗಳೂರಿಗೆ ಹೋಗಿ ಡಿವಿಜಿಯಾದರು. ದೋಸೆಯೂ ಬೆಂಗಳೂರಿಗೆ ಹೋಗಿ ಬೋರ್ಡುಗಳ ಮೇಲೆ ಕುಳಿತಿದೆ. ಆದರೂ ಈ ಹೆಂಚಿನ ಮುಂದೆ ನಿಂತು ನೋಡುವುದೇ ಬೇರೆ. ದಪ್ಪಗೆ ಹುಯ್ದ ಹಿಟ್ಟಿನ ಮೇಲೆ ತೂತುಗಳೇಳುತ್ತವೆ, ತುಪ್ಪ ಬಿದ್ದೊಡನೆ ಅಂಚು ಕೆಂಪಾಗುತ್ತದೆ, ಒಳಗೆ ಮಾತ್ರ ಮೆತ್ತಗೆ. ಕೊನೆಗೆ ಶ್ರೀನಿವಾಸಪುರ, ಅಮ್ಮನ ಮನೆ. ಮಾವಿನ ಮಂಡಿಯಲ್ಲಿ ತೋತಾಪುರಿ ಲಾರಿಗಳ ಸಾಲು. ಇಲ್ಲಿಯ ತೋತಾಪುರಿ ರಸ ತೆಗೆಯುವ ಕಾರ್ಖಾನೆಗಳಿಗಾಗಿ ಆಂಧ್ರದ ಚಿತ್ತೂರಿಗೆ ಹೋಗುವುದು ರೂಢಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ಕಾಯಿಗೆ ತಡೆಯೊಡ್ಡಿದಾಗ ಇಲ್ಲಿಯ ಬೆಳೆಗಾರರು ಬೀದಿಗಿಳಿದಿದ್ದರು, ಮುಖ್ಯಮಂತ್ರಿ ಮುಖ್ಯಮಂತ್ರಿಗೆ ಪತ್ರ ಬರೆಯುವವರೆಗೂ ಅದು ಹೋಗಿತ್ತು. ಗಡಿಯ ಆಚೆ ಈಚೆ ಮಾತು ಒಂದೇ, ಮದುವೆ ಸಂಬಂಧವೂ ಒಂದೇ. ಕಾಯಿ ಮಾತ್ರ ಬೇರೆಯಾಯಿತು.

ಇಷ್ಟನ್ನೂ ತುಂಬಿಕೊಂಡು ದೇವನಹಳ್ಳಿಗೆ ಬಂದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಏರ್ ಇಂಡಿಯಾ ನೇರ ಹಾರಾಟ ಶುರುಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ತಂದಿಳಿಸಿದ್ದರು. ನನ್ನದು ದುಬೈನಲ್ಲಿ ಇಳಿದು ಹತ್ತುವ ದಾರಿ. ಅಲ್ಲಿಂದ ಮುಂದಿನದು ಹದಿನೈದು ಹದಿನಾರು ಗಂಟೆಯ ಒಂದೇ ಹಾರಾಟ.

ಇಂಥ ಹಾರಾಟದಲ್ಲಿ ಮನೆಯವರ ಮುಖ ನೋಡಿಕೊಂಡು ಕೂರುವುದು ಈಚಿನ ಸೌಭಾಗ್ಯ. ವಿಮಾನಗಳಲ್ಲಿ ವಾಡಿಕೆಯಾಗಿ ಸಿನಿಮಾ ತೋರಿಸತೊಡಗಿದ್ದು 1961ರಲ್ಲಿ. ಎಲ್ಲರಿಗೂ ಒಂದೇ ಪರದೆ, ಒಂದೇ ಚಿತ್ರ. ಸೀಟಿಗೊಂದು ಪರದೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಅಷ್ಟರಲ್ಲಿ ನಮ್ಮ ಕಡೆ ಮದುವೆ ಮನೆಗೆ ವಿಡಿಯೊದವನು ಬರತೊಡಗಿದ್ದ. ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗನೊಬ್ಬ, ಹೆಗಲ ಮೇಲೆ ಕ್ಯಾಮೆರಾ ಹೊತ್ತವನೊಬ್ಬ. ಅಮೆರಿಕಕ್ಕೆ ಹೊರಟ ಚಿಕ್ಕಪ್ಪ ತನ್ನ ಮದುವೆಯ ಕ್ಯಾಸೆಟ್ಟನ್ನು ಪಂಚೆಯಲ್ಲಿ ಸುತ್ತಿ ಒಯ್ದ. ಅಲ್ಲಿಯ ವಿಸಿಆರ್‌ಗೆ ಹಾಕಿದರೆ ಪರದೆಯ ಮೇಲೆ ಗೆರೆಗಳು ಮಾತ್ರ. ಭಾರತದ್ದು ಪಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರ, 625 ಗೆರೆ. ಅಮೆರಿಕದ್ದು ಎನ್‌ಟಿಎಸ್‌ಸಿ, ಸೆಕೆಂಡಿಗೆ 30 ಚಿತ್ರ, 525 ಗೆರೆ. ದುಡ್ಡು ಕೊಟ್ಟು ಬದಲಾಯಿಸಿಕೊಳ್ಳುವವರೆಗೂ ಚಿಕ್ಕಪ್ಪನ ಮದುವೆ ಅಲ್ಲಿ ಯಾರಿಗೂ ಕಾಣಲಿಲ್ಲ. ಆಮೇಲೆ ವಿಸಿಡಿ ಬಂತು, ಧಾರೆಗೊಂದು, ಆರತಕ್ಷತೆಗೊಂದು ಬಿಲ್ಲೆ. ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಂಡು ವಿಮಾನದಲ್ಲಿ ನೋಡುವವರನ್ನು ನಾನೂ ಕಂಡಿದ್ದೇನೆ.

2005ರ ಕೊನೆಗೆ ವಿಡಿಯೊ ತೋರಿಸುವ ಐಪಾಡ್, 2010ರಲ್ಲಿ ಐಪ್ಯಾಡ್ ಬಂದವು. ಆದರೂ ಭಾರತದ ವಿಮಾನಗಳಲ್ಲಿ ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ್ದು 2014ರಲ್ಲಷ್ಟೇ. 2017ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ದುಬೈ, ದೋಹಾ, ಅಬುಧಾಬಿ ಸೇರಿ ಹತ್ತು ವಿಮಾನ ನಿಲ್ದಾಣಗಳಿಂದ ಬರುವವರು ಫೋನಿಗಿಂತ ದೊಡ್ಡ ಎಲೆಕ್ಟ್ರಾನಿಕ್ ಸಾಧನವನ್ನು ಕೈಯಲ್ಲಿ ಹಿಡಿದು ಹತ್ತುವಂತಿಲ್ಲ ಎಂದಿತು. ಆ ಬೇಸಿಗೆಯಲ್ಲಿ ಕೊಲ್ಲಿಯ ದಾರಿ ಹಿಡಿದ ಕನ್ನಡದ ಅಜ್ಜಿ ತಾತಂದಿರ ಐಪ್ಯಾಡ್‌ಗಳೂ ಮೊಮ್ಮಕ್ಕಳ ವಿಡಿಯೊ ಸಮೇತ ವಿಮಾನದ ಹೊಟ್ಟೆಯಲ್ಲಿ ಪ್ರಯಾಣ ಮಾಡಿದವು. ಜುಲೈ ಹೊತ್ತಿಗೆ ನಿರ್ಬಂಧ ಹೋಯಿತು.

ನನ್ನ ಪಕ್ಕದ ಎರಡು ಸೀಟಿನಲ್ಲಿ ಚಿಂತಾಮಣಿಯ ದಂಪತಿ ಇದ್ದರು. ಮಗಳ ಬಾಣಂತನಕ್ಕೆ ಹೊರಟವರು. ದುಬೈ ಬಿಟ್ಟು ಊಟವಾದ ಮೇಲೆ ಯಜಮಾನರು ಫೋನ್ ತೆಗೆದು ದೊಡ್ಡ ಮೊಮ್ಮಗನ ನಾಮಕರಣದ ವಿಡಿಯೊ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಫೋನಿನಲ್ಲಿ ಜಾಗ ಉಳಿಸುವ ಏರ್ಪಾಡು ಹೀಗೇ: ಮೂಲ ವಿಡಿಯೊ ಕ್ಲೌಡ್‌ಗೆ ಹೋಗಿ, ಕೈಯಲ್ಲಿ ಅದರ ಚಿಕ್ಕ ಚಿತ್ರ ಮಾತ್ರ ಉಳಿದಿರುತ್ತದೆ. ಹೊರಡುವ ಮೊದಲೇ ಇಳಿಸಿಟ್ಟುಕೊಳ್ಳದಿದ್ದರೆ ಮೇಲೆ ಹೋದ ಮೇಲೆ ಸಿಗುವುದಿಲ್ಲ. “ನಾವಿರೋದೇ ಮೋಡದ ಮೇಲೆ, ಇಲ್ಲೂ ಸಿಕ್ಕಲ್ಲ ಅಂದ್ರೆ ಹೆಂಗೆ?” ಎಂದು ಅವರು ನಕ್ಕರು.

ನಾನು ನನ್ನದನ್ನು ತೆರೆದೆ. ವಿಮಾನದೊಳಗಿನ ಮೊರೆತ ಸುಮಾರು 80 ಡೆಸಿಬೆಲ್ ಇರುತ್ತದೆ, ಅದೂ ತಗ್ಗಿನ ದನಿಯದು. ಹಳ್ಳಿಯ ಅಂಗಳದ ಮೆಲುಮಾತನ್ನು ಅದು ಸಲೀಸಾಗಿ ನುಂಗುತ್ತದೆ. ಆ ಮೊರೆತವನ್ನೇ ಎದುರು ಅಲೆಯಿಂದ ಅಳಿಸುವ ಹೆಡ್‌ಫೋನಿನ ಯೋಚನೆ ಅಮರ್ ಬೋಸ್ ಅವರಿಗೆ ಹೊಳೆದದ್ದೂ 1978ರಲ್ಲಿ, ಯುರೋಪಿನಿಂದ ಅಮೆರಿಕಕ್ಕೆ ಮರಳುವ ವಿಮಾನದಲ್ಲಿ. ಬಂಗಾಳದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಆತ. ಕಿವಿಗೆ ಹಾಕಿಕೊಂಡೊಡನೆ ಕೋಲಾರದ ಹರಾಜಿನವನು ಪಕ್ಕದಲ್ಲೇ ಕೂಗಿದ. ಇಟ್ಟಿಗೆ, ಕೋತಿ, ಕೆರೆ, ದೋಸೆ ಎಲ್ಲವೂ ಬಂದು ಹೋದವು. ಚೆನ್ನಾಗಿದ್ದವು. ಆದರೆ ಅವನ್ನು ತೆಗೆಯುವಾಗ ನಾನು ಎದುರಿಗೇ ಇದ್ದೆನಲ್ಲ, ಹೊಸದೇನೂ ಕಾಣಲಿಲ್ಲ.

ಕಂಡದ್ದು ಮುಂದಿನದರಲ್ಲಿ. ಜನವರಿಯಲ್ಲಿ ತಂಗಿ ವಾಟ್ಸಾಪ್‌ನಲ್ಲಿ ಕಳಿಸಿದ್ದ ಆರು ನಿಮಿಷದ ವಿಡಿಯೊ ಅದು. ಬಂದ ದಿನ ಆಫೀಸಿನ ಲಿಫ್ಟ್‌ನಲ್ಲಿ ತೆರೆದು, ಅಮ್ಮ, ಸೋದರತ್ತೆ, ಪಕ್ಕದ ಮನೆಯವರು ಅವರೆಕಾಳು ಹಿತಕುತ್ತಾ ಕೂತಿರುವುದನ್ನು ಕಂಡು, ಹೃದಯದ ಚಿತ್ರವೊಂದನ್ನು ಒತ್ತಿ ಲಿಫ್ಟ್ ಇಳಿದಿದ್ದೆ. ದಿನವೂ ಬರುವ ಹತ್ತಾರು ವಿಡಿಯೊಗಳಿಗೆ ಎಲ್ಲರೂ ಮಾಡುವುದೇ ಅದು. ಈಗ ಅದು ಮೊದಲಿನಿಂದ ಓಡತೊಡಗಿತು.

ಸ್ಟೀಲ್ ಬೋಗುಣಿಯಲ್ಲಿ ನೆನೆದ ಕಾಳು. ಅಮ್ಮ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತುತ್ತಾಳೆ. ಬೇಳೆ ಪುಳಕ್ಕೆಂದು ತಟ್ಟೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕಣ್ಣು ಕಾಳಿನ ಮೇಲಿಲ್ಲ, ಬೀದಿಯ ಮೇಲಿದೆ. ಪಕ್ಕದ ಸೀಟಿನಾಕೆ ಬಾಗಿ ನೋಡಿದರು. ಒಂದು ಕಿವಿಯದನ್ನು ಅವರಿಗೆ ಕೊಡಲು ಬರುವಂಥ ಚಿಕ್ಕ ಇಯರ್‌ಫೋನ್ ತೆಗೆದೆ.

“ನೆನ್ದಿರೋದು ಹೆಚ್ಚಾಯ್ತು ಕಣಮ್ಮ. ನೋಡು, ಬೇಳೆ ಎರಡು ಹೋಳಾಗ್ತಾ ಐತೆ.”

“ರಾತ್ರಿಯೆಲ್ಲ ನೆನೆಹಾಕಿರ್ತಾರೆ ಅಮ್ಮ.”

“ಎಳೇ ಕಾಯಿಗೆ ಅಷ್ಟು ಬೇಡ. ನಮ್ ಚಿಂತಾಮಣಿ ಕಡೆ ನಾಕೈದು ಗಂಟೆ, ಅಷ್ಟೇ.”

ನಾಲ್ಕನೇ ನಿಮಿಷದಲ್ಲಿ ಅತ್ತೆ ಎದ್ದು ನಿಲ್ಲಲು ಹೋಗಿ ತಟ್ಟೆ ಒದ್ದು, ಹಿತಕಿದ ಬೇಳೆಯೆಲ್ಲ ಅಂಗಳದ ಪಾಲಾಯಿತು. ಆಕೆ ಅತ್ತಿತ್ತ ನೋಡಿ ಬಳಿದು, ಊದಿ, ಮತ್ತೆ ತಟ್ಟೆಗೆ ಹಾಕಿದಳು. ನನ್ನ ಪಕ್ಕದವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಐದನೇ ನಿಮಿಷಕ್ಕೆ ಅಮ್ಮ ಮೊದಲ ಸಲ ತಲೆಯೆತ್ತಿ ಕ್ಯಾಮೆರಾ ನೋಡಿದಳು. “ಯಾಕೇ, ಅಲ್ಲಿ ನಿಂಗೆ ಅವರೆಕಾಯ್ ಸಿಕ್ತದಾ? ಸಿಕ್ಕಿದ್ರೂ ಸೊಗಡಿರ್ತದಾ?” ಆಮೇಲೆ ಉತ್ತರಕ್ಕೆ ಕಾಯುವವಳ ಹಾಗೆ ಒಂದು ಗಳಿಗೆ ಕೈ ನಿಲ್ಲಿಸಿದಳು.

“ಕೇಳ್ತಾವ್ರಲ್ಲಮ್ಮ, ಹೇಳು” ಅಂದರು ಪಕ್ಕದವರು.

ವೈಫೈ ಕೊಳ್ಳದೆ ಹೇಳಲು ದಾರಿ ಇರಲಿಲ್ಲ. ಹಾಗಾಗಿ ಅವರಿಗೇ ಹೇಳಿದೆ. ಇಂಡಿಯನ್ ಅಂಗಡಿಯಲ್ಲಿ ಮಂಜುಗಟ್ಟಿಸಿದ ಅವರೆಕಾಳು ಸಿಗುತ್ತದೆ, ಹಿತಕಿದ್ದೂ ಸಿಗುತ್ತದೆ, ಸಾರು ಮಾಡಿದರೆ ಬಣ್ಣ ಬರುತ್ತದೆ. ಸೊಗಡು ಚಳಿಗಾಲದ ಇಬ್ಬನಿಗೆ ಸಿಪ್ಪೆಯ ಮೇಲೆ ಕೂರುವಂಥದ್ದು, ಅದು ಡಬ್ಬಿಗೆ ಇಳಿಯುವುದಿಲ್ಲ. ಮಗಳ ಮನೆಯಲ್ಲಿ ಬಾಣಂತಿ ಅಡುಗೆಗೆ ಏನೇನು ಸಿಗುತ್ತದೆ ಎಂಬಲ್ಲಿಗೆ ಮಾತು ಹೊರಳಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಓಂಕಾಳು ಎಂದು ಪಟ್ಟಿ ಬೆಳೆಯಿತು. ಯಜಮಾನರು ಅದನ್ನು ತಮ್ಮ ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಂಡರು.

ಅವರಿಬ್ಬರೂ ಮಲಗಿದ ಮೇಲೆ ಯೋಚಿಸಿದೆ. ವಿಮಾನದಲ್ಲಿ ಕಣ್ಣೀರು ಬೇಗ ಬರುತ್ತದೆ ಎಂದು ಅನೇಕರು ಹೇಳುತ್ತಾರೆ. ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಜಾಗದಷ್ಟಿರುತ್ತದೆ, ಅಂದರೆ ನಂದಿಬೆಟ್ಟದ ತುದಿಗಿಂತಲೂ ತೆಳುವಾದ ಗಾಳಿ. ತೇವವೂ ಕಡಿಮೆ, ನಿದ್ದೆಯೂ ಅರೆಬರೆ. ಇವೆಲ್ಲ ಮನಸ್ಸನ್ನು ಮೆತ್ತಗೆ ಮಾಡಬಹುದು. ಆದರೆ ಊರಿನ ವಿಡಿಯೊಗಳನ್ನು ಅಲ್ಲೇ ಪೂರ್ತಿ ನೋಡುವುದಕ್ಕೆ ಇದಕ್ಕಿಂತ ಸರಳ ಕಾರಣ ಇದೆ ಅನ್ನಿಸುತ್ತದೆ. ನೆಲದ ಮೇಲೆ ಮನೆಯಿಂದ ಬರುವ ವಿಡಿಯೊ ಒಂದು ಕರೆ. ಅದು ಬಂದೊಡನೆ ಓಗೊಡಬೇಕು, ನೋಡಿದ್ದೇನೆಂದು ತಿಳಿಸಬೇಕು. ತಿಳಿಸುವ ಅವಸರದಲ್ಲಿ ನೋಡುವ ಕೆಲಸ ಹಿಂದೆ ಬೀಳುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಓಗೊಡುವ ಹಂಗಿಲ್ಲ. ಹೃದಯ ಒತ್ತಿದರೂ ಅದು ಎಲ್ಲಿಗೂ ಹೋಗುವುದಿಲ್ಲ. ಉಳಿಯುವುದು ನೋಡುವುದೊಂದೇ. ಹಾಗೆ ನೋಡಿದಾಗ ಮಾತ್ರ ನಿಜಕ್ಕೂ ಉತ್ತರ ಬೇಕಾಗಿದ್ದ ಪ್ರಶ್ನೆ, ಐದನೇ ನಿಮಿಷದಲ್ಲಿ ಅಡಗಿ ಕುಳಿತದ್ದು, ಸಿಗುತ್ತದೆ.

ನನ್ನ ನಿಯಮದ ಪ್ರಕಾರ ತೆಗೆದ ವಿಡಿಯೊಗಳಿಗಿಂತ ತಂಗಿಯದು ಹೆಚ್ಚು ಹಿಡಿದಿಟ್ಟಿದ್ದೂ ಇದಕ್ಕೇ. ನನ್ನವು ನಾನು ಊರಿನಲ್ಲಿದ್ದುದರ ಗುರುತು. ಅವಳದು ನಾನಿಲ್ಲದ ಊರು. ಅಲ್ಲಿ ನನ್ನ ಬಗ್ಗೆ ಒಂದು ಮಾತು, ಉಳಿದ ಐದು ನಿಮಿಷ ಬೇಳೆ, ಬೀದಿ, ಚೆಲ್ಲಿದ ತಟ್ಟೆ. ಹೊರಗೆ ಹೋದವರಿಗೆ ಊರು ಕಾಣಬೇಕಾದ ಪ್ರಮಾಣ ಬಹುಶಃ ಅದೇ.

ಈ ಬಿಡುವು ಬಹಳ ಕಾಲ ಇರಲಾರದು. ಭಾರತದ ಆಕಾಶದಲ್ಲಿ ವಿಮಾನದೊಳಗೆ ವೈಫೈ ಕೊಡಲು ಸರ್ಕಾರ 2020ರಲ್ಲೇ ಅನುಮತಿಸಿದೆ. ದೂರದ ಹಾರಾಟಗಳಲ್ಲಿ ಅದೀಗ ಸಾಮಾನ್ಯ. ಈ ವಿಮಾನದಲ್ಲೂ ಇತ್ತು. ನಡುರಾತ್ರಿ ನನ್ನ ಮುಂದಿನ ಸಾಲಿನ ಹುಡುಗ ದುಡ್ಡು ಕಟ್ಟಿ ಕಚೇರಿಯ ಸಂದೇಶಗಳಿಗೆ ಉತ್ತರಿಸುತ್ತಿದ್ದ. ತುರ್ತು ಇದ್ದವರಿಗೆ ಅದು ವರ. ನಾನು ಮಾತ್ರ ಕೊಳ್ಳಲಿಲ್ಲ, ಮುಂದೆ ಬಿಟ್ಟಿ ಕೊಟ್ಟರೂ ಆ ಗಂಟೆಗಳಿಗೆ ಬೇಡವೆಂದೇ ತೀರ್ಮಾನ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದು ಇಮಿಗ್ರೇಷನ್ ಸಾಲು ದಾಟಿ, ಚಿಂತಾಮಣಿಯವರನ್ನು ಅವರ ಅಳಿಯನಿಗೆ ಒಪ್ಪಿಸಿ, ಅಮ್ಮನಿಗೆ ಫೋನ್ ಮಾಡಿದೆ. ತಲುಪಿದೆ ಅಂತಲೂ ಹೇಳದೆ, “ಅವರೆಕಾಳು ಸಿಗುತ್ತಮ್ಮ, ಸೊಗಡು ಇರಲ್ಲ” ಅಂದೆ.

ಅತ್ತ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಯಾವ್ದೇ ಅದು? ಸಂಕ್ರಾಂತಿ ಮುಂದೆ ಕೇಳಿದ್ದಾ? ಮುಂಗಾರು ಶುರುವಾಗೋಯ್ತಲ್ಲೇ!”

“ಈಗ ಪೂರ್ತಿ ನೋಡ್ದೆ.”

“ಪೂರ್ತೀನಾ?” ಅಮ್ಮನ ದನಿ ಇದ್ದಕ್ಕಿದ್ದಂತೆ ತಗ್ಗಿತು. “ಹಂಗಾದ್ರೆ ನಿಮ್ಮತ್ತೆ ಬೇಳೆ ಚೆಲ್ಲಿ ವಾಪಸ್ ತಟ್ಟೆಗ್ ಹಾಕಿದ್ದೂ ನೋಡಿರ್ತೀಯ. ಅವತ್ತು ಊಟಕ್ಕೆ ಬೀಗರು ಬಂದಿದ್ರು ಕಣೇ. ಬಾಯ್ಬಿಟ್ಟೀಯ, ಹುಷಾರು.”